ಶೀರ್ಷಿಕೆ ಪುಟದ ಬೆನ್ನಿನಲ್ಲಿ

ಹೊಸ ಪುಸ್ತಕ ಕೈಗೆ ಬಂದಾಗ ಕೆಲವರು ಮುನ್ನುಡಿ ಓದುತ್ತಾರೆ, ಕೆಲವರು ಬೆನ್ನುಡಿ ಓದಿ ಮುಗಿಸುತ್ತಾರೆ. ನಾನು ಮೊದಲು ತೆರೆಯುವುದು ಶೀರ್ಷಿಕೆ ಪುಟದ ಬೆನ್ನನ್ನು. ಸಣ್ಣ ಅಕ್ಷರದಲ್ಲಿ ಎಂಟು ಹತ್ತು ಸಾಲು ಇರುತ್ತವಲ್ಲ, ಅದೇ ಪುಟ. ಪ್ರಕಾಶಕರು, ಹಕ್ಕುಗಳು, ಮೊದಲ ಮುದ್ರಣದ ವರ್ಷ, ಪುಟಗಳೆಷ್ಟು, ಪ್ರತಿಗಳೆಷ್ಟು, ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೋ, ಬೆಲೆ, ಮುಖಪುಟ, ಅಕ್ಷರ ಜೋಡಣೆ, ಮುದ್ರಕರು. ಮದುವೆಮನೆಗೆ ಹೋದವಳು ಮಂಟಪ ಬಿಟ್ಟು ಹಿತ್ತಲಿನ ಒಲೆಗಳ ಕಡೆ ಹೋಗಿ ನಿಂತ ಹಾಗೆ ಇದು. ಆ ಅಡುಗೆಯವರ ಪೈಕಿ ನಾನೂ ಒಬ್ಬಳಾಗಿದ್ದೆನಲ್ಲ, ಕಾಲು ತಾನಾಗಿ ಆ ಕಡೆ ಎಳೆಯುತ್ತದೆ. ನನ್ನ ಊರು ಗದಗ. ಮುದ್ರಣ ಕಾಶಿ ಎಂದು ಹೆಸರಾದ ಊರು. ನಾವು ಸಣ್ಣವರಿದ್ದಾಗ ನಮ್ಮ ಓಣಿಯಲ್ಲಿ ಬೆಳಗಾಗುತ್ತಿದ್ದುದು ಕೋಳಿ ಕೂಗಿನಿಂದಲ್ಲ, ಟ್ರೆಡಲ್ ಮಷೀನಿನ ಸದ್ದಿನಿಂದ.

ಈ ಪುಟ ಪ್ರಕಾಶಕರ ಸೌಜನ್ಯದಿಂದ ಹುಟ್ಟಿದ್ದೇನೂ ಅಲ್ಲ. 1867ರಲ್ಲಿ ಬ್ರಿಟಿಷ್ ಸರ್ಕಾರ ಒಂದು ಕಾಯಿದೆ ಮಾಡಿ, ಅಚ್ಚಾಗುವ ಪ್ರತಿಯೊಂದು ಪುಸ್ತಕದ ಮೇಲೂ ಮುದ್ರಕರ ಹೆಸರು, ಮುದ್ರಣವಾದ ಊರು, ಪ್ರಕಾಶಕರ ಹೆಸರು ಇರಲೇಬೇಕು ಎಂದಿತು. ಸರ್ಕಾರಕ್ಕೆ ಒಗ್ಗದ ಮಾತನ್ನು ಯಾರಾದರೂ ಅಚ್ಚು ಹಾಕಿದರೆ ಪೊಲೀಸರು ಯಾರ ಬಾಗಿಲು ತಟ್ಟಬೇಕೆಂಬುದು ಗೊತ್ತಿರಬೇಕಲ್ಲ! ಆ ಕಾಯಿದೆಯ ಜಾಗಕ್ಕೆ 2023ರಲ್ಲಿ ಹೊಸದೊಂದು ಬಂದು, 2024ರ ಮಾರ್ಚಿನಲ್ಲಿ ಜಾರಿಯಾಯಿತು. ಅದು ನಿಯತಕಾಲಿಕಗಳಿಗೆ ಸಂಬಂಧಿಸಿದ್ದು, ಪುಸ್ತಕಗಳನ್ನು ಕೈಬಿಟ್ಟಿದೆ. ಆದರೂ ಈ ಪುಟ ರೂಢಿಯಾಗಿ ಉಳಿದುಕೊಂಡಿದೆ. ಕಾಯಿದೆ ಕೇಳಿದ್ದು ಹೊಣೆ ಹೊರುವವರ ಹೆಸರನ್ನು, ಕೆಲಸ ಮಾಡಿದವರ ಹೆಸರನ್ನಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಪುಟವನ್ನು ಓದಿದರೆ ಹಲವು ಸಂಗತಿಗಳು ತಿಳಿಯುತ್ತವೆ.

ನಿಮ್ಮ ಮನೆಯ ಕಪಾಟಿನಿಂದ ಕಳೆದ ಇಪ್ಪತ್ತೈದು ಮೂವತ್ತು ವರ್ಷಗಳಲ್ಲಿ ಬಂದ ನಾಲ್ಕು ಕನ್ನಡ ಪುಸ್ತಕ ತೆಗೆದು ನೋಡಿ. ಪ್ರಕಾಶಕರ ಸಾಲಿನಲ್ಲಿ, ಮುದ್ರಕರ ಸಾಲಿನಲ್ಲಿ ಹೆಂಗಸರ ಹೆಸರು ಅಪರೂಪ. ಹೆಂಗಸರು ಸಿಗುವುದು ‘ಅಕ್ಷರ ಜೋಡಣೆ’ ಎಂಬ ಸಾಲಿನಲ್ಲಿ. ಲೇಖಕರ ಮಾತಿನ ಕೊನೆಯ ಪ್ಯಾರಾದಲ್ಲಿಯೂ ಅವರೇ ಸಿಗುತ್ತಾರೆ: ಅಂದವಾಗಿ ಅಕ್ಷರ ಜೋಡಿಸಿಕೊಟ್ಟ ಸೋದರಿ ಇಂಥವರಿಗೆ ನೆನಕೆಗಳು ಅಂತ. ಮುದ್ರಕರಿಗೆ ‘ಮಾನ್ಯರು’, ಮುಖಪುಟದ ಕಲಾವಿದರಿಗೆ ‘ಖ್ಯಾತ’, ನಮಗೆ ‘ಸೋದರಿ’. ಆ ಮಾತಿನಲ್ಲಿ ಅಕ್ಕರೆ ಇಲ್ಲವೆಂದಲ್ಲ. ಆದರೆ ಸೋದರಿಗೆ ಯಾರೂ ತಿದ್ದುಪಡಿಯ ಬಿಲ್ಲು ಕೊಡುವುದಿಲ್ಲ.

ಈ ಪುಟದ ಬಗ್ಗೆ ಬರೆಯಬೇಕೆನ್ನಿಸಿದ್ದು ನನ್ನ ತಂಗಿಯ ಮಗಳಿಂದಾಗಿ. ಈ ಸಲ ಎಸ್ಸೆಸ್ಸೆಲ್ಸಿ ಪಾಸಾದಳು. ಚಿತ್ರ ಬರೆಯುತ್ತಾಳೆ, ಸಿಕ್ಕಿದ್ದೆಲ್ಲ ಓದುತ್ತಾಳೆ. ಫಲಿತಾಂಶ ಬಂದ ಮರುದಿನ ಬಂದು, “ದೊಡ್ಡವ್ವಾ, ನಾ ಪುಸ್ತಕ ಮಾಡೋ ಕೆಲಸ ಕಲೀತೀನಿ” ಎಂದಳು. ಬರೆಯುವ ಕೆಲಸ ಅನ್ನಲಿಲ್ಲ, ಮಾಡೋ ಕೆಲಸ ಅಂದಳು. ಹಿಂದೆಯೇ ನನ್ನ ತಂಗಿ ಒಂದು ಪತ್ರಿಕೆಯ ತುಣುಕು ಹಿಡಿದು ಬಂದಳು. ಪರೀಕ್ಷೆಯ ಫಲಿತಾಂಶದ ವಾರದಲ್ಲಿ ಬರುತ್ತವಲ್ಲ, ಮುಂದೇನು ಓದಬೇಕು ಎಂದು ಹೇಳುವ ಪುಟಗಳು, ಅಂಥದು. “ಅಕ್ಕಾ, ಮೂರು ತಿಂಗಳಿನ ಡಿಟಿಪಿ ಕೋರ್ಸ್ ಮಾಡಿಸಿದ್ರ ಸಾಕಲ್ಲ? ಮನ್ಯಾಗ ಕುಂತು ಮಾಡ್ತಾಳ.”

ಆ ತುಣುಕಿನಲ್ಲಿಯೂ ಅದೇ ಇತ್ತು. ಇಂಥ ಬರಹಗಳನ್ನು ನಾನು ನನ್ನ ಯೌವನದಿಂದ ಓದುತ್ತ ಬಂದಿದ್ದೇನೆ. ಮುದ್ರಣದ ವಿಷಯ ಬಂದ ಕೂಡಲೇ ಯಂತ್ರ, ವ್ಯವಸ್ಥಾಪನೆ, ಗುಣಮಟ್ಟ ಎಂದೆಲ್ಲ ಒಂದು ಪಟ್ಟಿ. ಆಮೇಲೆ ಬೇರೆಯಾಗಿ, ಹೆಣ್ಣುಮಕ್ಕಳಿಗೆ ಸೂಕ್ತವಾದದ್ದು ಮನೆಯಲ್ಲಿಯೇ ಮಾಡಬಹುದಾದ ಅಕ್ಷರ ಜೋಡಣೆ ಎಂಬ ಒಂದು ಸಾಲು. ಬರೆದವರ ಉದ್ದೇಶ ಒಳ್ಳೆಯದೇ ಇದ್ದೀತು. ಆದರೆ ‘ಸೂಕ್ತ’ ಎಂಬ ಶಬ್ದವನ್ನು ಸ್ವಲ್ಪ ಕೆದಕಿ ನೋಡಬೇಕು. ಯಾರಿಗೆ ಸೂಕ್ತ? ಮನೆಯಲ್ಲಿ ಕುಳಿತು ಮಾಡುವ ಕೆಲಸಕ್ಕೆ ಜಾಗದ ಬಾಡಿಗೆ ಇಲ್ಲ, ಕರೆಂಟಿನ ಬಿಲ್ಲು ಮನೆಯದು, ವೇಳೆ ಇಷ್ಟೇ ಎಂದಿಲ್ಲ, ಅನ್ನ ಉಕ್ಕಿದರೆ ಎದ್ದು ಹೋಗಬಹುದು. ಇವೆಲ್ಲ ಮೊದಲು ಸೂಕ್ತವಾಗುವುದು ಕೆಲಸ ಕೊಡುವವರಿಗೆ.

ಮನೆಯಲ್ಲಿ ಕುಳಿತು ಮಾಡುವ ಮುದ್ರಣದ ಕೆಲಸ ಕಂಪ್ಯೂಟರಿನೊಂದಿಗೆ ಬಂದದ್ದೂ ಅಲ್ಲ. ನಮ್ಮ ಅವ್ವ ಇಪ್ಪತ್ತು ವರ್ಷ ಫಾರಂ ಮಡಚಿದಳು. ಅಚ್ಚಾದ ಹಾಳೆಗಳ ಕಟ್ಟು ಪ್ರೆಸ್ಸಿನಿಂದ ಮನೆಗೆ ಬರುತ್ತಿತ್ತು. ಒಂದು ದೊಡ್ಡ ಹಾಳೆ, ಒಂದು ಮೈಗೆ ಎಂಟು ಪುಟ, ಇನ್ನೊಂದು ಮೈಗೆ ಎಂಟು. ಮೂರು ಸಲ ಮಡಚಿದರೆ ಹದಿನಾರು ಪುಟದ ಒಂದು ಫಾರಂ. ಹಾಳೆ ಬಿಡಿಸಿಟ್ಟು ನೋಡಿದರೆ ಪುಟಗಳು ದಿಕ್ಕಾಪಾಲಾಗಿ, ಅರ್ಧ ತಲೆಕೆಳಗಾಗಿ ಕಾಣುತ್ತವೆ. ಒಂದರ ಪಕ್ಕ ಹದಿನಾರು, ನಾಲ್ಕರ ಪಕ್ಕ ಹದಿಮೂರು, ಐದರ ಪಕ್ಕ ಹನ್ನೆರಡು, ಎಂಟರ ಪಕ್ಕ ಒಂಬತ್ತು. ಯಾವ ಜೋಡಿ ಕೂಡಿಸಿದರೂ ಹದಿನೇಳು. ಅವ್ವನಿಗೆ ಈ ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಕಲಿತದ್ದು ಮೂರನೆಯ ಇಯತ್ತೆ. ಆದರೆ ಒಂದು ದಿನ ಕಟ್ಟು ಬಿಚ್ಚಿ ಮೊದಲ ಹಾಳೆ ಮಡಚಿದವಳೇ ಕೈ ನಿಲ್ಲಿಸಿ, ತಂದುಕೊಟ್ಟ ಹುಡುಗನಿಗೆ, “ತಮ್ಮಾ, ಎಂಟರ ಎದುರಿಗೆ ಒಂಬತ್ತು ಬರವಲ್ದು. ಮಷೀನ್ ನಿಂದರಸಾಕ ಹೇಳು” ಎಂದಳು. ಹುಡುಗ ಓಡಿದ. ಪುಟ ಕೂಡಿಸುವಾಗ ತಪ್ಪಾಗಿತ್ತು. ಅಷ್ಟರಲ್ಲಿ ಹೋದ ಕಾಗದ ಹೋಯಿತು, ಉಳಿದ ಕಾಗದ ಉಳಿಯಿತು. ಸಂಜೆ ಮಾಲಕರು ಒಂದು ಪಾವು ಪೇಢೆ ಕಳಿಸಿದರು. ಮಡಿಕೆಯ ದರ ಸಾವಿರಕ್ಕೆ ಇಷ್ಟು ಎಂದಿದ್ದದ್ದು ಅಷ್ಟೇ ಇತ್ತು.

ಮುಂದೆ ನಾನು ಮುದ್ರಣ ಡಿಪ್ಲೊಮಾದ ಪಾಠದ ಪುಸ್ತಕವೊಂದನ್ನು ನೋಡಿದಾಗ ಈ ಪುಟ ಕೂಡಿಸುವ ಕ್ರಮವೇ ಒಂದು ಇಡೀ ಅಧ್ಯಾಯವಾಗಿತ್ತು, ಚಿತ್ರಸಮೇತ. ಅವ್ವನ ಕೈಗೆ ಗೊತ್ತಿದ್ದದ್ದು ಅಲ್ಲಿ ವಿದ್ಯೆಯಾಗಿತ್ತು.

ನಾನು ಪಿಯುಸಿ ಮುಗಿಸಿ ಅದೇ ಓಣಿಯ ಇನ್ನೊಂದು ಪ್ರೆಸ್ಸಿಗೆ ಕಾಪಿ ಓದಲು ಹೋದೆ. ಕರಡು ತಿದ್ದುವವರು ಅಚ್ಚಾದ ಹಾಳೆ ನೋಡುತ್ತಿದ್ದರೆ ಎದುರಿಗೆ ಕುಳಿತು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವ ಕೆಲಸ. ಅಲ್ಪವಿರಾಮ, ಪೂರ್ಣವಿರಾಮ, ಪ್ಯಾರಾ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಮನೆಗೆ ಬಂದು ತಮ್ಮನಿಗೆ “ನೀರು ಕೊಡು ಪೂರ್ಣವಿರಾಮ” ಎಂದು ನಗೆಗೀಡಾದದ್ದೂ ಉಂಟು. ಅಲ್ಲಿ ನಾನು ನಿಜವಾದ ಕನ್ನಡ ಕಲಿತೆ. ಮೊಳೆ ಜೋಡಿಸುವವರು ನಾಲ್ಕೂ ಜನ ಗಂಡಸರು. ಕೇಸಿನ ಖಾನೆಗಳನ್ನು ನೋಡದೆ ಕೈಹಾಕಿ ಅಕ್ಷರ, ಒತ್ತು, ಗುಣಿತದ ಕೊಂಬು ತೆಗೆಯುತ್ತಿದ್ದರು. ನಾನೂ ಕಲಿಯುತ್ತೇನೆಂದರೆ, ಸೀಸ ಹೆಣ್ಣುಮಕ್ಕಳಿಗೆ ಒಳ್ಳೆಯದಲ್ಲ ಎಂದರು. ಸೀಸ ಯಾರಿಗೂ ಒಳ್ಳೆಯದಲ್ಲ, ಅದು ಬೇರೆ ಮಾತು. ಮಷೀನಿನ ಕಡೆ ಹೋದರೆ, ಸೆರಗು ಸಿಕ್ಕೀತು ಎಂದರು. ಮಷೀನ್ ನಡೆಸುವ ಕಾಕಾ ಉಟ್ಟಿದ್ದು ಲುಂಗಿ! ರಾತ್ರಿ ಪಾಳಿಯ ಮಾತಂತೂ ಇರಲೇ ಇಲ್ಲ. 1948ರ ಕಾರ್ಖಾನೆ ಕಾಯಿದೆ ಹೆಂಗಸರ ಕೆಲಸದ ವೇಳೆಯನ್ನು ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ಕಟ್ಟಿಹಾಕಿತ್ತು. ಕರ್ನಾಟಕದಲ್ಲಿ ಷರತ್ತುಗಳೊಂದಿಗೆ ರಾತ್ರಿ ಪಾಳಿಗೆ ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ. ರಕ್ಷಣೆಗೆಂದು ಮಾಡಿದ ನಿಯಮವೇ, ಆದರೆ ಮಷೀನಿನ ಕೋಣೆಯ ಬಾಗಿಲಿಗೆ ಒಂದು ಕಾರಣವಾಗಿ ನಿಂತಿತು.

ಕಂಪ್ಯೂಟರ್ ಬಂದಾಗ ಆ ಬಾಗಿಲು ತೆರೆಯಿತು ಎಂದುಕೊಂಡೆವು. ನಾನು ಕನ್ನಡ ಟೈಪಿಂಗ್ ಸೀನಿಯರ್ ಪಾಸಾಗಿದ್ದೆ, ಹಾಗಾಗಿ ಮೊದಲ ಕುರ್ಚಿ ನನಗೇ ಸಿಕ್ಕಿತು. ಪೇಜ್‌ಮೇಕರ್, ಶ್ರೀಲಿಪಿ. ಮೂರು ನಾಲ್ಕು ವರ್ಷದಲ್ಲಿ ನಮ್ಮೂರಿನ ಡಿಟಿಪಿ ಅಂಗಡಿಗಳಲ್ಲೆಲ್ಲ ಹುಡುಗಿಯರು. ಕೆಲಸ ಹೆಂಗಸರಿಗೆ ಬಂತು, ಹೆಸರು ಬದಲಾಯಿತು. ಮೊಳೆ ಜೋಡಿಸುತ್ತಿದ್ದವರನ್ನು ಕಸುಬುದಾರರು ಎನ್ನುತ್ತಿದ್ದರು, ನಮ್ಮನ್ನು ಆಪರೇಟರ್ ಎಂದರು. ಲೆಕ್ಕ ಪುಟಕ್ಕೆ ಇಷ್ಟು ಎಂದಾಯಿತು. ಅದರಲ್ಲಿ ಮೂರು ಕರಡಿನ ತಿದ್ದುಪಡಿ ಉಚಿತ. ಕೆಲವು ಲೇಖಕರು ಕಾದಂಬರಿ ಬರೆಯಲು ಶುರುಮಾಡುವುದೇ ಎರಡನೆಯ ಕರಡಿನಲ್ಲಿ, ಇದು ನಿಮಗೆ ಗೊತ್ತಿರಲಿಕ್ಕಿಲ್ಲ. ನಾಯಕಿ ಸಾಯಬೇಕೋ ಬೇಡವೋ ಎಂಬ ತೀರ್ಮಾನಕ್ಕಾಗಿ ನಾನು ಒಂದೇ ಅಧ್ಯಾಯವನ್ನು ನಾಲ್ಕು ಸಲ ಜೋಡಿಸಿದ್ದೇನೆ. ಕೊನೆಗೆ ಸತ್ತಳು. ನನಗೆ ಸಿಕ್ಕಿದ್ದು ಒಂದೇ ಸಲದ ದುಡ್ಡು.

ಇಷ್ಟಾದರೂ ನನಗೆ ಕಸುಬು ಬರುತ್ತದೆ ಎಂಬ ಗರ್ವ ಇತ್ತು. ಅದು ಇಳಿದದ್ದು ಒಂದು ಜಾತ್ರೆಯ ಸ್ಮರಣ ಸಂಚಿಕೆಯಲ್ಲಿ. ಪ್ರೆಸ್ಸು ಬಿಟ್ಟು ಸ್ವಂತ ಕಂಪ್ಯೂಟರ್ ಇಟ್ಟುಕೊಂಡ ಹೊಸತು. ಸಮಿತಿಯವರು ಬಂದು, ಜೋಡಣೆಯಿಂದ ಬೈಂಡಿಂಗ್‌ವರೆಗೆ ನೀವೇ ಮಾಡಿಸಿಕೊಡಿ ಎಂದರು. 132 ಪುಟ, ಡೆಮಿ 1/8, ಸಾವಿರ ಪ್ರತಿ. ನಾನು ಪುಟಕ್ಕೆ ಇಷ್ಟು ಎಂದು ಗುಣಿಸಿ ದರ ಹೇಳಿಬಿಟ್ಟೆ. ಪುಸ್ತಕ ಪುಟದಿಂದ ಆಗುವುದಿಲ್ಲ, ಫಾರಂನಿಂದ ಆಗುತ್ತದೆ. 132 ಎಂದರೆ ಎಂಟು ಫಾರಂ ಮತ್ತು ಮೇಲೆ ನಾಲ್ಕು ಪುಟ. ಆ ನಾಲ್ಕು ಪುಟಕ್ಕೆ ಬೇರೆ ಪ್ಲೇಟು, ಬೇರೆ ಓಟ, ಬೈಂಡಿಂಗ್‌ನಲ್ಲಿ ಬೇರೆ ಕೈಕೆಲಸ. ಒಂದು ಫಾರಂಗೆ ಸಾವಿರ ಹಾಳೆ, ಐನೂರು ಹಾಳೆಗೆ ಒಂದು ರೀಮು. ಎಂಟು ಫಾರಂಗೆ ಹದಿನಾರು ರೀಮು. ಅದು ಬರೀ ಲೆಕ್ಕದ ಕಾಗದ. ಮಷೀನ್ ಹದಕ್ಕೆ ಬರುವವರೆಗೆ, ಬಣ್ಣ ಕೂಡುವವರೆಗೆ ಹಾಳಾಗುವ ಹಾಳೆಯನ್ನು ನಾನು ಹಿಡಿದೇ ಇರಲಿಲ್ಲ. ಸಂಚಿಕೆ ಚೆನ್ನಾಗಿ ಬಂತು, ಸಮಿತಿಯವರು ಶಾಲು ಹೊದಿಸಿದರು. ನಾನು ಕಿವಿಯ ಬೆಂಡೋಲೆ ಒತ್ತೆಯಿಟ್ಟು ಕಾಗದದ ಅಂಗಡಿಯ ಬಾಕಿ ತೀರಿಸಿದೆ. ಜಾಹೀರಾತಿನ ನಾಲ್ಕು ಪುಟ ಬಿಟ್ಟು 128ಕ್ಕೆ ನಿಲ್ಲಿಸಿ ಎಂದು ಸಮಿತಿಗೆ ಹೇಳಿದ್ದರೆ ಮುಗಿದಿತ್ತು. ಹೇಳಲು ನನಗೆ ತಿಳಿಯಲಿಲ್ಲ. ಅಷ್ಟು ವರ್ಷ ಪ್ರೆಸ್ಸಿನಲ್ಲಿದ್ದೆ, ಆದರೆ ದರ ಕಟ್ಟುವ ಮೇಜಿನ ಹತ್ತಿರ ನನ್ನನ್ನು ಯಾರೂ ಕೂರಿಸಿಕೊಂಡಿರಲಿಲ್ಲ. ಕೂರಿಸಿಕೊಳ್ಳಿ ಎಂದು ನಾನೂ ಕೇಳಿರಲಿಲ್ಲ, ಅದನ್ನೂ ಒಪ್ಪಿಕೊಳ್ಳಬೇಕು.

ಮೂರು ತಿಂಗಳ ಕೋರ್ಸುಗಳ ಬಗ್ಗೆ ನನ್ನ ತಕರಾರು ಇದೇ. ಅಲ್ಲಿ ಕೀಲಿ ಒತ್ತುವುದನ್ನು ಕಲಿಸುತ್ತಾರೆ. ಫಾರಂ, ಕಾಗದ, ದರ ಕಲಿಸುವುದಿಲ್ಲ. ಕನ್ನಡವನ್ನಂತೂ ಕಲಿಸುವುದೇ ಇಲ್ಲ, ಅದು ಬಂದೇ ಬರುತ್ತದೆ ಎಂಬ ನಂಬಿಕೆ. ‘ಅಭ್ಯಾಸ’ ಎಲ್ಲಿ ‘ಹವ್ಯಾಸ’ ಎಲ್ಲಿ, ‘ಅನಾವರಣ’ಕ್ಕೂ ‘ಆವರಣ’ಕ್ಕೂ ಏನು ಸಂಬಂಧ ಎಂದು ಯೋಚಿಸುವ ಹುಡುಗಿ ನಾಳೆ ಸಂಪಾದಕಿಯಾದಾಳು, ಯೋಚಿಸದೆ ಹೊಡೆಯುವ ಹುಡುಗಿ ಎಷ್ಟೇ ವೇಗವಾಗಿ ಹೊಡೆದರೂ ಪುಟದ ಲೆಕ್ಕದಲ್ಲಿಯೇ ಉಳಿಯುತ್ತಾಳೆ. ಕನ್ನಡಕ್ಕೆ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಅವರನ್ನೇ ನೋಡಿ. ನಾವು ಇವತ್ತು ಒತ್ತಕ್ಷರಕ್ಕಾಗಿ ‘ಎಫ್’ ಕೀಲಿ ಒತ್ತುವುದು ಅವರ ಕ್ರಮದಿಂದ. ಅಕ್ಷರ ಹೇಗೆ ಕೂಡುತ್ತದೆ ಎಂಬುದನ್ನು ಅರಿತವರಿಗೆ ಮಾತ್ರ ಅಂಥ ಕೆಲಸ ಸಾಧ್ಯ.

ಇನ್ನೊಂದು ಮಾತು. ಹೆಣ್ಣುಮಕ್ಕಳಿಗೆ ಸೂಕ್ತವೆಂದು ಹಂಚಿದ ಈ ಟೈಪಿಂಗ್ ಕೆಲಸವೇ ಈಗ ಕರಗುತ್ತಿದೆ. ಅನೇಕ ಲೇಖಕರು ಮೊಬೈಲಿನಲ್ಲಿ ತಾವೇ ಬರೆದು ಯೂನಿಕೋಡಿನಲ್ಲಿ ಕಳಿಸುತ್ತಾರೆ. ಜೋಡಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ಉಳಿಯುವುದು ಪುಟ ವಿನ್ಯಾಸ, ತಿದ್ದುವುದು, ಹಳೆಯ ಫಾಂಟಿನ ಪುಸ್ತಕಗಳನ್ನು ಹೊಸದಕ್ಕೆ ತರುವುದು. ಈ ಕೊನೆಯದು ಕಂಡಷ್ಟು ಸುಲಭವಲ್ಲ. ‘ಸೂರ್ಯ’ ಎಂದು ಬರೆದರೆ ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮದಲ್ಲಿ ಮೊದಲು ಯಕಾರ, ಆಮೇಲೆ ಅರ್ಕಾವತ್ತು ಎಂದು ಇಟ್ಟುಕೊಂಡಿರುತ್ತದೆ. ಯೂನಿಕೋಡು ಬಾಯಿಂದ ಹೊರಡುವ ಕ್ರಮದಲ್ಲಿ ಮೊದಲು ರಕಾರ ಇಡುತ್ತದೆ. ಪರಿವರ್ತಿಸುವಾಗ ಎಡವಟ್ಟಾದರೆ ಇಡೀ ಪುಸ್ತಕದಲ್ಲಿ ಸೂರ್ಯ ಮುಳುಗಿರುತ್ತಾನೆ. ಅದನ್ನು ಸಾಲು ಸಾಲಾಗಿ ಹಿಡಿಯಬೇಕಾದದ್ದು ಕನ್ನಡ ಬಲ್ಲ ಕಣ್ಣು.

ಹಾಗಾದರೆ ಎಲ್ಲಿ ಕಲಿಯಬೇಕು? ಬೆಂಗಳೂರಿನ ಸರ್ಕಾರಿ ಮುದ್ರಣ ತಂತ್ರಜ್ಞಾನ ಸಂಸ್ಥೆ ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷದ ಡಿಪ್ಲೊಮಾ ಓದಿಸುತ್ತ ಬಂದಿದೆ. ಮಣಿಪಾಲದ ಎಂಜಿನಿಯರಿಂಗ್ ಕಾಲೇಜು ಮುದ್ರಣವನ್ನು ಪದವಿಯಾಗಿಯೇ ಕಲಿಸಿದ ಜಾಗ. ಐಟಿಐಗಳ ಪಟ್ಟಿಯಲ್ಲಿ ಡಿಟಿಪಿ ಮಾತ್ರವಲ್ಲ, ಪ್ಲೇಟ್ ಮಾಡುವುದು, ಆಫ್‌ಸೆಟ್ ಮಷೀನ್ ನಡೆಸುವುದು, ಬೈಂಡಿಂಗ್ ಇವೂ ಇವೆ. ಪ್ರಕಾಶನದ ಕಡೆಗೆ ಮನಸ್ಸಿದ್ದವರಿಗೆ ನ್ಯಾಷನಲ್ ಬುಕ್ ಟ್ರಸ್ಟ್ ನಡೆಸುವ ತರಬೇತಿ, ಇಗ್ನೋದ ಅಂಚೆ ಶಿಕ್ಷಣದ ಡಿಪ್ಲೊಮಾ ಉಂಟು. ಅದಕ್ಕೆ ಪದವಿ ಮುಗಿದಿರಬೇಕು. ಇವೆಲ್ಲ ಓದಿದರೂ ಕನ್ನಡ ಪುಸ್ತಕಗಳೇ ಹೊಟ್ಟೆ ತುಂಬಿಸುತ್ತವೆ ಎಂದು ನಾನು ಹೇಳಲಾರೆ. ಸಾವಿರ ಪ್ರತಿ ಹಾಕಿ, ಗ್ರಂಥಾಲಯದ ಸಗಟು ಖರೀದಿಯ ದಾರಿ ಕಾಯುವ ಪ್ರಕಾಶಕರು ಸಂಬಳದ ಸಂಪಾದಕಿಯನ್ನು ಎಲ್ಲಿಂದ ಇಟ್ಟುಕೊಂಡಾರು? ಡಿಪ್ಲೊಮಾ ಮಾಡಿದವರಿಗೆ ಸಂಬಳ ಕೊಡುವವರು ಔಷಧಿ ಡಬ್ಬ, ಬಿಸ್ಕತ್ತಿನ ಪೊಟ್ಟಣ, ಚೀಟಿಗಳನ್ನು ಅಚ್ಚು ಹಾಕುವವರು. ಅದೂ ಮುದ್ರಣವೇ. ನಮ್ಮ ಹುಡುಗಿಗೆ ಇದನ್ನು ಹೇಳಿದಾಗ ಮುಖ ಸಣ್ಣದು ಮಾಡಿದಳು, ಆಮೇಲೆ ಅಡುಗೆ ಮನೆಗೆ ಹೋಗಿ ಚಹಾ ಪುಡಿಯ ಪೊಟ್ಟಣ ತಂದು ಅದರ ಮಡಿಕೆ ಬಿಚ್ಚಿ ನೋಡುತ್ತ ಕುಳಿತಳು.

ನಮ್ಮ ಸಾಹಿತ್ಯ ವಿಮರ್ಶೆಯೂ ಈ ಬೆನ್ನಿನ ಪುಟವನ್ನು ಓದಿಲ್ಲ. ನಂಜನಗೂಡು ತಿರುಮಲಾಂಬಾ ಅವರನ್ನು ನಾವು ಕಾದಂಬರಿಕಾರ್ತಿ ಎಂದು ನೆನೆಯುತ್ತೇವೆ. ಚಿಕ್ಕಂದಿನಲ್ಲಿಯೇ ವಿಧವೆಯಾದ ಆಕೆ ‘ಸತೀ ಹಿತೈಷಿಣಿ’ ಗ್ರಂಥಮಾಲೆಯನ್ನು ನಡೆಸಿದವರು, ‘ಕರ್ನಾಟಕ ನಂದಿನಿ’ಯ ಸಂಪಾದಕಿ. ಎಂದರೆ ಕಾಗದ ಕೊಂಡವರು, ಕರಡು ತಿದ್ದಿದವರು, ಚಂದಾ ಹಣಕ್ಕೆ ಪತ್ರ ಬರೆದವರು, ಅಂಚೆಗೆ ಕಟ್ಟು ಕಟ್ಟಿದವರು. ಅವರ ‘ಸುಶೀಲೆ’ಯ ಪಾತಿವ್ರತ್ಯದ ಕಲ್ಪನೆಯನ್ನು ಹಿಡಿದು ಪುಟಗಟ್ಟಲೆ ಚರ್ಚೆ ನಡೆದಿದೆ, ಆ ಕಾದಂಬರಿಯನ್ನು ಒಬ್ಬ ಹೆಂಗಸು ತಾನೇ ಪ್ರಕಟಿಸಿ ಮಾರಿದಳಲ್ಲ, ಹೇಗೆ, ಯಾವ ಲೆಕ್ಕದಲ್ಲಿ ಎಂಬುದು ಅಡಿಟಿಪ್ಪಣಿಗೆ ಸೇರಿದೆ. ಕಥೆಯೊಳಗಿನ ಹೆಂಗಸು ಗಂಡನ ನೆರಳಿನಲ್ಲಿ ನಡೆದಿರಬಹುದು, ಬರೆದ ಹೆಂಗಸು ವ್ಯಾಪಾರ ಮಾಡಿದ್ದಾಳೆ. ಎರಡನ್ನೂ ಕೂಡಿ ಓದದಿದ್ದರೆ ಓದು ಅರ್ಧವಾಗುತ್ತದೆಂದು ನನಗನ್ನಿಸುತ್ತದೆ. ವಿಜಯಾ ಅವರ ‘ಕುದಿ ಎಸರು’ ಆತ್ಮಕಥೆಗೆ 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಹೆಚ್ಚಾಗಿ ಮಾತಾಡಿದ್ದು ಅವರು ಸಹಿಸಿದ ನೋವಿನ ಬಗ್ಗೆ. ನೋವಿದೆ, ನಿಜ. ಆದರೆ ಅವರು ಪತ್ರಿಕೆಯ ಕೆಲಸ ಮಾಡಿದವರು, ‘ಇಳಾ’ ಎಂಬ ಮುದ್ರಣಾಲಯ ನಡೆಸಿದವರು. ಮುದ್ರಕರ ಸಾಲಿನಲ್ಲಿ ಹೆಂಗಸು ಬಂದದ್ದು ಹೇಗೆ ಎಂಬ ಪ್ರಶ್ನೆಯನ್ನು ಆ ಬದುಕಿಗೆ ಕೇಳಿದವರು ಕಡಿಮೆ.

ಹೋದ ವಾರ ತಂಗಿ ಮತ್ತೆ ಬಂದಿದ್ದಳು. ಡಿಪ್ಲೊಮಾ ಎಂದರೆ ಬೆಂಗಳೂರು, ಹಾಸ್ಟೆಲು, ಮೂರು ವರ್ಷ. “ಅಷ್ಟರಾಗ ಒಂದು ಗಂಡು ನೋಡಬಹುದಿತ್ತು” ಎಂದಳು. ಹದಿನಾರು ವರ್ಷದ ಹುಡುಗಿಗೆ ಗಂಡು ನೋಡುವ ಮಾತೇನು ಎಂದು ಜಗಳಕ್ಕೇ ಹೋದೆ. ಮೊದಲ ವರ್ಷದ ಖರ್ಚು ನನ್ನದು ಎಂದೆ. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅರ್ಜಿ ಮೇಜಿನ ಮೇಲೆ ಇತ್ತು, ಪಾಲಕರ ಸಹಿಯ ಜಾಗ ಖಾಲಿ.

ಅವ್ವ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದಳು. ಈಗ ಕಣ್ಣು ಮಂಜು, ಕೈ ನಡುಗುತ್ತದೆ. ಮೊಮ್ಮಗಳನ್ನು ಕರೆದು ಒಂದು ದೊಡ್ಡ ಹಾಳೆ ತಾ ಎಂದಳು. ಹಳೆಯ ಕ್ಯಾಲೆಂಡರಿನ ಹಾಳೆ ಬಂತು. ಅದನ್ನು ಮೂರು ಸಲ ಮಡಚಿ, ಉಗುರಿನಿಂದ ಅಂಚು ತೀಡಿ, ಮೂಲೆಗಳಲ್ಲಿ ಒಂದರಿಂದ ಹದಿನಾರು ಬರಿ ಎಂದಳು. ಬರೆದಾದ ಮೇಲೆ ಬಿಚ್ಚಿ ಹಾಸಿದಳು. ಹುಡುಗಿ ಒಂದು ಗಳಿಗೆ ನೋಡಿ, ಬೆರಳಿನಿಂದ ಜೋಡಿ ಜೋಡಿಯಾಗಿ ಕೂಡಿಸತೊಡಗಿದಳು. ನನ್ನ ತಂಗಿಯೂ ಬಗ್ಗಿ ನೋಡುತ್ತಿದ್ದಳು. ಅರ್ಜಿ ಕೊಡಲು ಶುಕ್ರವಾರ ಕೊನೆಯ ದಿನ.